ಗಳಗನಾಥರು: ಓದುಗರನ್ನು ಹುಡುಕಿಕೊಂಡು ಹೋದ ಮಾಸ್ತರರು

ಅಕ್ಷರ ಕಲಿತ ಮಗು ಓದುಗನಾಗುವುದು ಹೆಚ್ಚಾಗಿ ಐದನೆಯ ಇಯತ್ತೆಯಿಂದ ಎಂಟನೆಯ ಇಯತ್ತೆಯವರೆಗಿನ ಅವಧಿಯಲ್ಲಿ. ಅದಕ್ಕಿಂತ ಮೊದಲು ಅದು ಅಕ್ಷರಗಳನ್ನು ಕೂಡಿಸಿ ಓದುವ ಶ್ರಮದಲ್ಲಿರುತ್ತದೆ. ಆಮೇಲೆ ಪರೀಕ್ಷೆಯ ಹೊರೆ ಬೀಳುತ್ತದೆ. ನಡುವಿನ ಈ ನಾಲ್ಕು ವರ್ಷಗಳಲ್ಲಿ ಕೊನೆಯವರೆಗೆ ಬಿಡದೆ ಓದಿಸಿಕೊಳ್ಳುವ ದೊಡ್ಡ ಕಥೆಯೊಂದು ಕೈಗೆ ಬಾರದಿದ್ದರೆ, ಓದು ಎಂಬುದು ಪಾಠಪುಸ್ತಕದೊಂದಿಗೆ ಆರಂಭವಾಗಿ ಪಾಠಪುಸ್ತಕದೊಂದಿಗೇ ಮುಗಿಯುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ, ಸಾಸ್ತೂರಿನಂಥ ಊರುಗಳಲ್ಲಿ, ಈ ಮಾತಿಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಶಾಲೆಯ ಓದು ಮರಾಠಿಯದು. ಆ ವಯಸ್ಸಿಗೆ ಒಪ್ಪುವ ಮರಾಠಿ ಕಾದಂಬರಿಗಳ ಹೆಸರು ಕೇಳಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ಕನ್ನಡದಲ್ಲಿ ಯಾವುದನ್ನು ಕೊಡಬೇಕೆಂದು ಕೇಳಿದರೆ ಕನ್ನಡ ಐಚ್ಛಿಕದ ವಿದ್ಯಾರ್ಥಿಯೂ ಕ್ಷಣಕಾಲ ತಡವರಿಸುತ್ತಾನೆ.

ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಹಾವೇರಿ ಸೀಮೆಯ ಶಾಲಾ ಮಾಸ್ತರರೊಬ್ಬರು ಇಂಥದೇ ಸ್ಥಿತಿಯ ನಡುವೆ ಕೆಲಸ ಮಾಡುತ್ತಿದ್ದರು. ಅವರು ಪುಸ್ತಕಗಳ ಯಾದಿಯನ್ನು ಸಿದ್ಧಪಡಿಸುವಂತಿರಲಿಲ್ಲ, ಏಕೆಂದರೆ ಯಾದಿಯಲ್ಲಿ ಬರೆಯಲು ಪುಸ್ತಕಗಳೇ ಇರಲಿಲ್ಲ. ಆದ್ದರಿಂದ ಅವರು ಪುಸ್ತಕಗಳನ್ನೇ ಬರೆದರು, ಅಚ್ಚು ಹಾಕಿಸಿದರು, ಕಡೆಗೆ ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಕನ್ನಡ ನಾಡು ಅವರನ್ನು ಗಳಗನಾಥ ಎಂಬ ಹೆಸರಿನಿಂದ ಬಲ್ಲದು, ಕನ್ನಡ ಕಾದಂಬರಿಯ ಪಿತಾಮಹರೆಂದು ಗೌರವಿಸುತ್ತದೆ.

ಗಳಗನಾಥ ಎಂಬುದು ಮೂಲತಃ ಊರಿನ ಹೆಸರು. ಇಂದಿನ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ, ಗಳಗೇಶ್ವರನ ಹಳೆಯ ಕಲ್ಲಿನ ಗುಡಿಯ ಸುತ್ತ ಬೆಳೆದ ಚಿಕ್ಕ ಗ್ರಾಮ ಅದು. ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಅರಸರ ರಾಜಧಾನಿಯಾದ ಕಲ್ಯಾಣ, ಇಂದಿನ ಬಸವಕಲ್ಯಾಣ, ಉಮರ್ಗಾಕ್ಕೆ ನೆರೆಯ ಊರು. ತುಂಗಭದ್ರೆಯ ದಡದ ಗುಡಿಯನ್ನು ಕಟ್ಟಿಸಿದ ಆಳ್ವಿಕೆಯೇ ಈ ಸೀಮೆಯಲ್ಲಿಯೂ ಕನ್ನಡ ಶಾಸನಗಳನ್ನು ನಿಲ್ಲಿಸಿತೆಂಬುದನ್ನು ನೆನೆದರೆ ಗಳಗನಾಥ ಎಂಬ ಊರು ಇಲ್ಲಿಯವರಿಗೆ ತೀರ ಪರಕೀಯವೆನಿಸದು. 1869ರ ಜನವರಿ 5ರಂದು ಆ ಊರಿನ ಕುಲಕರ್ಣಿಗಳ ಮನೆಯಲ್ಲಿ ವೆಂಕಟೇಶರು ಹುಟ್ಟಿದರು. ತಿರಕೋ ಎಂಬುದು ತಂದೆಯ ಹೆಸರು. ಮುಂದೆ ಅವರು ತಂದೆಯ ಹೆಸರನ್ನೂ ಮನೆತನದ ಹೆಸರನ್ನೂ ಹಿಂದಕ್ಕೆ ಸರಿಸಿ, ಊರ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡರು.

ಅವರು ಹುಟ್ಟಿದ ಕಾಲದ ಧಾರವಾಡ ಜಿಲ್ಲೆಯ ಭಾಷಾಸ್ಥಿತಿಯನ್ನು ತಿಳಿಯದೆ ಅವರ ಕೆಲಸದ ಬೆಲೆ ತಿಳಿಯುವುದಿಲ್ಲ. 1818ರಲ್ಲಿ ಪೇಶವೆಯರ ಆಳ್ವಿಕೆ ಮುಗಿದ ಮೇಲೆ ಆ ಜಿಲ್ಲೆ ಇಂಗ್ಲಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಆಡಳಿತ ಬದಲಾದರೂ ಕಚೇರಿಯ ಭಾಷೆಯ ರೂಢಿ ಬೇಗನೆ ಬದಲಾಗಲಿಲ್ಲ. ದಫ್ತರದಲ್ಲಿ ಮೋಡಿ ಲಿಪಿ, ಶಾಲೆಯಲ್ಲಿ ಮರಾಠಿ ಪುಸ್ತಕ, ಮನೆಯಲ್ಲಿ ಕನ್ನಡ ಮಾತು ಎಂಬ ಪರಿಸ್ಥಿತಿ ಬಹುಕಾಲ ನಡೆಯಿತು. ಡೆಪ್ಯುಟಿ ಚೆನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳ ದುಡಿಮೆಯಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಶಾಲೆಗಳು ತಲೆಯೆತ್ತಿದವು. ಚೆನ್ನಬಸಪ್ಪನವರು ತೀರಿಕೊಂಡದ್ದು 1881ರಲ್ಲಿ. ಅದೇ ವರ್ಷ ಪುಣೆಯಲ್ಲಿ ಕೇಸರಿ ಪತ್ರಿಕೆ ಆರಂಭವಾಯಿತು. ಆಗ ವೆಂಕಟೇಶರಿಗೆ ಹನ್ನೆರಡು ವರ್ಷ. ಅವರ ತಲೆಮಾರಿನ ಕನ್ನಡ ಹುಡುಗನಿಗೆ ಶಾಲೆಯೇನೋ ಕನ್ನಡದಲ್ಲಿ ದೊರೆಯಿತು, ಆದರೆ ಶಾಲೆಯಾಚೆ ಓದಬೇಕಾದ ಪತ್ರಿಕೆ, ನೋಡಬೇಕಾದ ನಾಟಕ, ಸವಿಯಬೇಕಾದ ಕಾದಂಬರಿ ಎಲ್ಲವೂ ಪುಣೆ ಮುಂಬಯಿಗಳಿಂದ ಮರಾಠಿಯಲ್ಲಿ ಬರುತ್ತಿದ್ದವು.

ಪ್ರಾಥಮಿಕ ಶಿಕ್ಷಣವನ್ನು ಮುಗಿಸಿದ ವೆಂಕಟೇಶರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಕರ ತರಬೇತಿ ಪಡೆದು ಶಾಲಾ ಮಾಸ್ತರರಾದರು. ಅಂದಿನ ಮಾಸ್ತರಿಕೆಯ ಸಂಬಳ ಚಿಕ್ಕದು, ಆದರೆ ತಿಂಗಳು ತಿಂಗಳು ತಪ್ಪದೆ ಬರುವಂಥದು. ಊರಿನಲ್ಲಿ ಗೌರವವೂ ಇತ್ತು. ಆ ವೃತ್ತಿ ಅವರಿಗೆ ಕೊಟ್ಟ ದೊಡ್ಡ ಲಾಭವೆಂದರೆ ಓದುವ ಮಗುವನ್ನು ಹತ್ತಿರದಿಂದ ಕಾಣುವ ಅವಕಾಶ. ಎಂಥ ವಾಕ್ಯದಲ್ಲಿ ಮಗುವಿನ ನಾಲಗೆ ಎಡವುತ್ತದೆ, ಎಲ್ಲಿ ಕಣ್ಣು ಅರಳುತ್ತದೆ, ಎಲ್ಲಿ ಆಕಳಿಕೆ ಬರುತ್ತದೆ ಎಂಬುದನ್ನು ತರಗತಿಯ ಮುಂದೆ ನಿಂತವನಷ್ಟು ಚೆನ್ನಾಗಿ ಬೇರೆ ಯಾರೂ ಅರಿಯರು. ಗಳಗನಾಥರ ಗದ್ಯದಲ್ಲಿ ಕೊನೆಯವರೆಗೂ ಒಬ್ಬ ಮಾಸ್ತರರು ಇದ್ದಾರೆ. ಓದುಗನ ಕೈಹಿಡಿದು ನಡೆಸುವುದು, ಹಿಂದಿನ ಪ್ರಕರಣದ ಸಂಗತಿಯನ್ನು ಮತ್ತೆ ನೆನಪಿಸುವುದು, ಪಾತ್ರವೊಂದು ತಪ್ಪುಹೆಜ್ಜೆ ಇಟ್ಟಾಗ ಕಥೆಯನ್ನು ನಿಲ್ಲಿಸಿ ಎರಡು ಮಾತು ಹೇಳುವುದು, ಇವೆಲ್ಲ ಆ ವೃತ್ತಿಯ ಗುರುತುಗಳು.

ಆಗ ಕನ್ನಡದಲ್ಲಿ ಓದಲು ಏನಿತ್ತು? ಗಮಕಿಗಳು ಹಾಡುವ ಕಾವ್ಯಗಳಿದ್ದವು, ದಾಸರ ಪದಗಳಿದ್ದವು, ವಚನಗಳಿದ್ದವು, ಸುಗ್ಗಿಯ ನಂತರದ ಬಯಲಾಟಗಳಿದ್ದವು. ಇವು ಬಹುಮಟ್ಟಿಗೆ ಕೇಳುವ ಸಾಹಿತ್ಯ. ಒಬ್ಬನೇ ಕುಳಿತು ಓದುವ ಗದ್ಯಕಥೆ ಆಗತಾನೆ ಕಾಲಿಡುತ್ತಿತ್ತು. ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತರತೊಡಗಿದ್ದರು. ಕರಾವಳಿಯಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಬಂದಿತು. ಉತ್ತರ ಕರ್ನಾಟಕದಲ್ಲಿ ಮರಾಠಿ ನಾಟಕ ಮಂಡಳಿಗಳ ಪ್ರಭಾವವನ್ನು ಕಂಡು ನೊಂದ ಇನ್ನೊಬ್ಬ ಶಾಲಾ ಶಿಕ್ಷಕರು, ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು, ಕನ್ನಡ ನಾಟಕಗಳನ್ನು ಬರೆದು ಆಡಿಸಿದ್ದರು. ಅವರು ರಂಗಭೂಮಿಯಲ್ಲಿ ಮಾಡಿದ ಕೆಲಸವನ್ನು ಕಾದಂಬರಿಯಲ್ಲಿ ಮಾಡುವವರು ಇನ್ನೂ ಬರಬೇಕಾಗಿತ್ತು.

1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಹೊಸ ಕನ್ನಡ ಗ್ರಂಥಗಳಿಗೆ ಬಹುಮಾನ ಕೊಡುವ ಪದ್ಧತಿಯನ್ನು ತಂದಿತು. ಗಳಗನಾಥರ ಮೊದಲ ಕಾದಂಬರಿ ಪ್ರಬುದ್ಧ ಪದ್ಮನಯನೆ ಆ ಸಂಘದ ಮನ್ನಣೆ ಪಡೆದು ಶತಮಾನದ ಕೊನೆಯ ವರ್ಷಗಳಲ್ಲಿ ಬೆಳಕಿಗೆ ಬಂದಿತು. ಹಳ್ಳಿಯ ಮಾಸ್ತರರೊಬ್ಬರ ಬರವಣಿಗೆಗೆ ಇದು ದೊಡ್ಡ ಬೆಂಬಲ. ಮುಂದಿನ ನಾಲ್ಕು ದಶಕಗಳ ಕಾಲ ಅವರು ಲೇಖನಿಯನ್ನು ಕೆಳಗಿಡಲಿಲ್ಲ.

ಅವರ ದಾರಿಯನ್ನು ನಿರ್ಧರಿಸಿದ್ದು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳು. 1864ರಲ್ಲಿ ಹುಟ್ಟಿದ ಆಪಟೆಯವರು ಗಳಗನಾಥರಿಗಿಂತ ಐದು ವರ್ಷ ಹಿರಿಯರು. 1890ರಲ್ಲಿ ಅವರು ಆರಂಭಿಸಿದ ಕರಮಣೂಕ ಎಂಬ ವಾರಪತ್ರಿಕೆಯಲ್ಲಿ ಸಾಮಾಜಿಕ ಕಾದಂಬರಿಗಳೂ ಐತಿಹಾಸಿಕ ಕಾದಂಬರಿಗಳೂ ಕಂತುಕಂತಾಗಿ ಬಂದು ಮಹಾರಾಷ್ಟ್ರದ ಮನೆಮನೆಗಳಲ್ಲಿ ಓದುವ ಹವ್ಯಾಸವನ್ನು ಬೆಳೆಸಿದ್ದವು. ಗಳಗನಾಥರು ಈ ಕಥೆಗಳನ್ನು ಕನ್ನಡಕ್ಕೆ ತಂದರು. ತಾನಾಜಿ ಮಾಲುಸರೆ ಸಿಂಹಗಡವನ್ನು ಗೆದ್ದು ಮಡಿದ 1670ರ ಪ್ರಸಂಗವನ್ನು ಹೇಳುವ ಗಡ ಆಲಾ ಪಣ ಸಿಂಹ ಗೇಲಾ ಎಂಬ ಕಾದಂಬರಿ ಅವರ ಕೈಯಲ್ಲಿ ಕಮಲಕುಮಾರಿಯಾಯಿತು. ವಿಜಯನಗರದ ಪತನವನ್ನು ವಸ್ತುವಾಗಿ ಉಳ್ಳ ವಜ್ರಾಘಾತ ಕನ್ನಡಿಗರ ಕರ್ಮಕಥೆಯಾಯಿತು.

ಎರಡು ಭಾಷೆಗಳನ್ನೂ ಬಲ್ಲ ಗಡಿನಾಡಿನ ವಿದ್ಯಾರ್ಥಿ ಇಲ್ಲಿ ಸ್ವಲ್ಪ ನಿಲ್ಲಬೇಕು. ವಜ್ರಾಘಾತ ಎಂದರೆ ಸಿಡಿಲಿನ ಪೆಟ್ಟು. ಪೆಟ್ಟು ಹೊರಗಿನಿಂದ ಬೀಳುತ್ತದೆ. ಕರ್ಮಕಥೆ ಎಂದರೆ ತಾವು ಮಾಡಿದ್ದನ್ನು ತಾವೇ ಉಂಡವರ ಕಥೆ. ಅಳಿಯ ರಾಮರಾಜ, ಅವನು ಯೌವನದಲ್ಲಿ ಒಲಿದ ಮೆಹರ್ಜಾನ, ಅವರ ಮಗನಾಗಿ ಬೆಳೆದು ತಂದೆಗೇ ವೈರಿಯಾಗುವ ರಣಮಸ್ತಖಾನ, ಇವರ ಸುತ್ತ ಹೆಣೆದ ಕಥೆ ಎರಡು ಭಾಷೆಗಳಲ್ಲಿಯೂ ಒಂದೇ. 1565ರ ರಕ್ಕಸಗಿ ತಂಗಡಗಿ ಯುದ್ಧದಲ್ಲಿ ಅದು ಮುಗಿಯುವುದೂ ಒಂದೇ. ಆದರೆ ಮರಾಠಿ ಓದುಗನಿಗೆ ಅದು ನೆರೆಯ ಸಾಮ್ರಾಜ್ಯದ ದುರಂತ. ಕನ್ನಡದ ಓದುಗನಿಗೆ ಅದು ತನ್ನ ಮನೆಯ ಲೆಕ್ಕ. ಗಳಗನಾಥರು ತಲೆಬರಹ ಒಂದರಲ್ಲಿಯೇ ಈ ವ್ಯತ್ಯಾಸವನ್ನು ತಂದರು. ಅವರನ್ನು ಬರಿಯ ಭಾಷಾಂತರಕಾರರೆಂದು ಬದಿಗೆ ಸರಿಸುವ ವಿಮರ್ಶೆ ಈ ಸಣ್ಣ ಸಂಗತಿಯನ್ನು ಗಮನಿಸುವುದಿಲ್ಲ. ಕಥೆಯನ್ನು ಪಡೆದುಕೊಂಡದ್ದು ನಿಜ. ಪಡೆದ ಕಥೆ ಯಾರನ್ನು ಉದ್ದೇಶಿಸಿ ಮಾತನಾಡಬೇಕೆಂಬುದನ್ನು ಅವರು ಮತ್ತೆ ನಿರ್ಧರಿಸಿದರು.

ಅವರ ವಾಕ್ಯಗಳು ಕೂಡ ಇದಕ್ಕೆ ತಕ್ಕಂತೆ ಬದಲಾದವು. ಸಂಸ್ಕೃತದ ಸಮಾಸಗಳು, ಕೀರ್ತನಕಾರರ ವಿವರಣೆಯ ಧಾಟಿ, ಹಾವೇರಿ ಧಾರವಾಡಗಳ ಮನೆಮಾತಿನ ಬಳಕೆ ಇವು ಮೂರೂ ಅವರ ಗದ್ಯದಲ್ಲಿ ಕೂಡಿಕೊಂಡಿವೆ. ಇಂದಿನ ಕಣ್ಣಿಗೆ ಅದು ಉದ್ದವೆನಿಸುತ್ತದೆ. ಆದರೆ ಗಟ್ಟಿಯಾಗಿ ಓದಿ ನೋಡಿದರೆ ಅದರ ಲೆಕ್ಕ ತಿಳಿಯುತ್ತದೆ. ಅಕ್ಷರ ಬಲ್ಲ ಒಬ್ಬನು ಓದಿದರೆ ಮನೆಯವರೆಲ್ಲ ಕುಳಿತು ಕೇಳುತ್ತಿದ್ದ ಕಾಲ ಅದು. ಕೇಳುವವರಿಗೆ ಪುಟವನ್ನು ಹಿಂದಕ್ಕೆ ತಿರುವಿ ನೋಡಲಾಗದು. ಆದ್ದರಿಂದ ಹೇಳಿದ್ದನ್ನು ಮತ್ತೊಮ್ಮೆ ಹೇಳಬೇಕು, ಪಾತ್ರ ಬಂದೊಡನೆ ಅದರ ಗುಣವನ್ನು ಸ್ಪಷ್ಟಪಡಿಸಬೇಕು. ಪುರಾಣ ಕೇಳಿ ಪಳಗಿದ ಜನರನ್ನು ಕಾದಂಬರಿಯ ಓದಿಗೆ ಕರೆತರಲು ಇದಕ್ಕಿಂತ ಸಹಜವಾದ ಸೇತುವೆ ಇನ್ನೊಂದಿರಲಿಲ್ಲ.

1907ರಲ್ಲಿ ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಹೊರಟಿತು. ಶೇಷಾಚಲ ಸದ್ಗುರುಗಳ ಆಶ್ರಮ ಅದರ ನೆಲೆ. ಗಳಗನಾಥರು ಅದರ ಸಂಪಾದಕತ್ವವನ್ನು ವಹಿಸಿಕೊಂಡರು. ಮಾಸ್ತರಿಕೆಯನ್ನು ಬಿಟ್ಟು ಪೂರ್ಣವಾಗಿ ಬರವಣಿಗೆಗೆ ನಿಂತದ್ದು ಅವರ ಜೀವನದ ದೊಡ್ಡ ತಿರುವು. ನಿಶ್ಚಿತವಾದ ಸಂಬಳದಿಂದ ಅವರು ಓದುಗನ ಇಚ್ಛೆಯನ್ನು ನಂಬಿದ ಬದುಕಿಗೆ ಕಾಲಿಟ್ಟರು. ಆಗಿನ ಕನ್ನಡದಲ್ಲಿ ಆ ಓದುಗನು ಇನ್ನೂ ಹುಟ್ಟಬೇಕಾಗಿತ್ತು.

ಧಾರ್ಮಿಕ ಬೋಧೆ ಆ ಪತ್ರಿಕೆಯ ಉದ್ದೇಶ. ಗಳಗನಾಥರು ಅದರಲ್ಲಿ ಕಾದಂಬರಿಗೂ ಸ್ಥಾನ ಕಲ್ಪಿಸಿದರು. ಕಂತಿನ ಕಾದಂಬರಿ ಓದುಗನನ್ನು ಹೇಗೆ ಕಟ್ಟುತ್ತದೆಂಬುದನ್ನು ಕರಮಣೂಕ ಮಹಾರಾಷ್ಟ್ರದಲ್ಲಿ ತೋರಿಸಿತ್ತು. ಕಥೆಯನ್ನು ಸಂಕಟದ ಘಳಿಗೆಯಲ್ಲಿ ನಿಲ್ಲಿಸಬೇಕು, ಮುಂದಿನ ತಿಂಗಳವರೆಗೆ ಕಾಯಿಸಬೇಕು. ಅಂಚೆಯವನ ದಾರಿ ಕಾಯುವ ಅಭ್ಯಾಸವಾದ ಮೇಲೆ ವರ್ಗಣಿ ಕೊಡಲು ಯಾರೂ ಹಿಂಜರಿಯುವುದಿಲ್ಲ. ಸದ್ಬೋಧ ಚಂದ್ರಿಕೆ ಅಂದಿನ ಕನ್ನಡ ಪತ್ರಿಕೆಗಳಲ್ಲಿ ಬಹು ಜನಪ್ರಿಯವಾಯಿತು. ಮುಂದೆ ಗಳಗನಾಥರು ಅದರಿಂದ ಹೊರಬಂದು ಸದ್ಗುರು ಎಂಬ ಪತ್ರಿಕೆಯನ್ನು ತಾವೇ ನಡೆಸಿದರು.

ಬರೆಯುವುದು ಒಂದು ಕೆಲಸ, ಬರೆದದ್ದನ್ನು ಓದುಗನ ಕೈಗೆ ತಲುಪಿಸುವುದು ಇನ್ನೊಂದು. ಆ ಕಾಲದ ಹಳ್ಳಿಪಟ್ಟಣಗಳಲ್ಲಿ ಪುಸ್ತಕದ ಅಂಗಡಿಯೆಂಬುದು ಅಪರೂಪ. ಇದ್ದರೂ ಅಲ್ಲಿ ಪಂಚಾಂಗ, ಸ್ತೋತ್ರ, ಶಾಲೆಯ ಪುಸ್ತಕಗಳು ಮಾರಾಟವಾಗುತ್ತಿದ್ದವೇ ಹೊರತು ಕಾದಂಬರಿಯನ್ನು ಕೇಳಿಕೊಂಡು ಬರುವವರಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ ತಾವೇ ಹೊತ್ತು ಊರೂರಿಗೆ ಹೋಗಿ ಮಾರುತ್ತಿದ್ದರೆಂಬುದು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಮನೆಮಾತಾಗಿರುವ ಸಂಗತಿ. ಲೇಖಕನು ತನ್ನ ಪುಸ್ತಕವನ್ನು ಹೊತ್ತು ಬಾಗಿಲಿಗೆ ಬಂದು ನಿಲ್ಲುವುದನ್ನು ಕೆಲವರು ಬಡತನದ ಗುರುತೆಂದು ಕಂಡರು. ಅದು ಬಡತನವೂ ಹೌದು. ಅದರ ಜೊತೆಗೆ, ಓದದ ಮನೆಯ ಹೊಸ್ತಿಲವರೆಗೆ ಪುಸ್ತಕ ಹೋಗಬೇಕಾದರೆ ಅದನ್ನು ಯಾರಾದರೂ ಒಯ್ಯಲೇಬೇಕು ಎಂಬ ತಿಳಿವಳಿಕೆಯೂ ಅದರಲ್ಲಿತ್ತು. ಮಾಸ್ತರಿಕೆಯಲ್ಲಿ ಹುಡುಗರನ್ನು ಶಾಲೆಗೆ ಕರೆತರಲು ಮನೆಮನೆಗೆ ಹೋಗಬೇಕಾಗುತ್ತಿತ್ತು. ಲೇಖಕರಾದ ಮೇಲೆ ಅವರು ಮಾಡಿದ್ದೂ ಅದೇ ಬಗೆಯ ಕೆಲಸ.

1923ರಲ್ಲಿ ಮಾಧವ ಕರುಣಾ ವಿಲಾಸ ಪ್ರಕಟವಾಯಿತು. ಗಳಗನಾಥರ ಸ್ವತಂತ್ರ ಕೃತಿಗಳಲ್ಲಿ ಇದು ದೊಡ್ಡದು, ಬಹು ಜನರ ಮೆಚ್ಚುಗೆಗೆ ಪಾತ್ರವಾದದ್ದು. ವಿದ್ಯಾರಣ್ಯರು, ಹರಿಹರ, ಬುಕ್ಕ, ತುಂಗಭದ್ರೆಯ ದಡದಲ್ಲಿ 1336ರಲ್ಲಿ ಸ್ಥಾಪಿತವಾಯಿತೆಂದು ಹೇಳುವ ವಿಜಯನಗರ, ಇವು ಅದರ ವಸ್ತು. ಪತನದ ಕಥೆಯನ್ನು ಆಪಟೆಯವರಿಂದ ಪಡೆದ ಲೇಖಕರು ಸ್ಥಾಪನೆಯ ಕಥೆಯನ್ನು ತಾವೇ ಕಟ್ಟಿದರು. ಅವರು ಹುಟ್ಟಿದ ಊರನ್ನು ತೊಳೆದು ಹರಿಯುವ ಹೊಳೆಯೇ ಕೆಳಗೆ ಹಂಪೆಯನ್ನೂ ಬಳಸಿ ಹರಿಯುತ್ತದೆ. ಅದರ ನೆರೆ, ಮಡು, ಹರಿಗೋಲು ಇವನ್ನು ತಿಳಿಯಲು ಅವರಿಗೆ ಮರಾಠಿ ಪುಸ್ತಕ ಬೇಕಿರಲಿಲ್ಲ.

ಆ ಕೃತಿಗೆ ಕಾಲವೂ ಕೂಡಿಬಂದಿತ್ತು. 1900ರಲ್ಲಿ ರಾಬರ್ಟ್ ಸಿವೆಲ್‌ನ ಇಂಗ್ಲಿಷ್ ಗ್ರಂಥ ವಿಜಯನಗರದ ಚರಿತ್ರೆಯನ್ನು ವಿದ್ವಾಂಸರ ಮುಂದಿಟ್ಟಿತ್ತು. 1917ರಲ್ಲಿ ಆಲೂರು ವೆಂಕಟರಾಯರ ಕರ್ನಾಟಕ ಗತವೈಭವ ಕನ್ನಡಿಗರಿಗೆ ತಮ್ಮ ಹಿಂದಿನದನ್ನು ನೆನಪಿಸಿತ್ತು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ನಾಡು ತಾನು ಒಂದಾಗಿದ್ದ ಕಾಲವನ್ನು ಹುಡುಕುತ್ತಿತ್ತು. ಇತಿಹಾಸ ಗ್ರಂಥವನ್ನು ಓದುವವರು ಕೆಲವರು. ಕಥೆಯನ್ನು ಓದುವವರು, ಕೇಳುವವರು ಹಲವರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯುವ ವೇಳೆಗೆ ವಿದ್ಯಾರಣ್ಯ, ಹಕ್ಕ, ಬುಕ್ಕರ ಹೆಸರುಗಳು ಶಾಲಾ ಬಾಲಕನಿಗೂ ಪರಿಚಿತವಾಗಿದ್ದರೆ ಅದರಲ್ಲಿ ಗಳಗನಾಥರ ಪಾಲಿದೆ.

ಅವರ ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ಅವರ ಕಾದಂಬರಿಗಳಲ್ಲಿ ಕಥೆಗಾರನಿಗಿಂತ ಬೋಧಕನು ಕೆಲವೊಮ್ಮೆ ಮುಂದೆ ಬಂದು ನಿಲ್ಲುತ್ತಾನೆ. ಒಳ್ಳೆಯವರು ಪೂರ್ತಿ ಒಳ್ಳೆಯವರು, ಕೆಟ್ಟವರು ಪೂರ್ತಿ ಕೆಟ್ಟವರು. ಪತಿವ್ರತೆಯ ಆದರ್ಶವನ್ನು ಅವರು ಪ್ರಶ್ನಿಸುವುದಿಲ್ಲ, ಎತ್ತಿಹಿಡಿಯುತ್ತಾರೆ. ಕಮಲಕುಮಾರಿಯ ಕಥೆಯಲ್ಲಿ ಸಹಗಮನದ ಸಂದರ್ಭ ಬರುತ್ತದೆ. ಅದನ್ನು ನೋಡುವ ಕಣ್ಣು ಇಂದಿನದಲ್ಲ. ವಿಧವೆಯರ ದುಃಖವನ್ನು ಬರೆದ ಆಪಟೆಯವರ ಸಾಮಾಜಿಕ ಕಾದಂಬರಿಗಳಿಗಿಂತ ಅವರ ಐತಿಹಾಸಿಕ ಕಾದಂಬರಿಗಳೇ ಗಳಗನಾಥರಿಗೆ ಹೆಚ್ಚು ಹಿಡಿಸಿದವೆಂಬುದೂ ಗಮನಿಸತಕ್ಕ ಮಾತು. ಅವರ ಸಮಕಾಲೀನರಾದ ಕೆರೂರ ವಾಸುದೇವಾಚಾರ್ಯರು 1908ರ ಇಂದಿರೆಯಲ್ಲಿ ತಮ್ಮ ಸುತ್ತಲಿನ ಬಾಳನ್ನು ಕಂಡು ಬರೆದರು. ಗಳಗನಾಥರು ಬಹುಮಟ್ಟಿಗೆ ಹಿಂದಿನ ಕಾಲದ ಕಡೆಗೇ ಮುಖಮಾಡಿದರು. ಹಿಂದೂ ಅರಸರು, ಮುಸಲ್ಮಾನ ಸುಲ್ತಾನರು ಎಂಬ ಎರಡು ಪಕ್ಷಗಳನ್ನು ಎದುರುಬದುರು ನಿಲ್ಲಿಸುವ ಕ್ರಮವೂ ಆ ಕಾಲದ ಐತಿಹಾಸಿಕ ಕಾದಂಬರಿಯ ಜೊತೆಯಲ್ಲಿಯೇ ಬಂದದ್ದು. ಹನ್ನೆರಡು ವರ್ಷದ ಮಗುವಿಗೆ ಈ ಪುಸ್ತಕಗಳನ್ನು ಕೊಡುವವರು ಪಕ್ಕದಲ್ಲಿ ಕುಳಿತು ಮಾತನಾಡಲು ಸಿದ್ಧರಿರಬೇಕು. ಮೆಹರ್ಜಾನಳಿಗೆ ಆದ ಅನ್ಯಾಯವೇನು, ರಣಮಸ್ತಖಾನನ ಸಿಟ್ಟಿಗೆ ಕಾರಣವೇನು ಎಂದು ಕೇಳಿದರೆ ಮಗು ಆ ಎರಡು ಪಕ್ಷಗಳ ಗೆರೆಯನ್ನು ತಾನಾಗಿಯೇ ದಾಟುತ್ತದೆ. ಹಾಗೆ ದಾಟಲು ಬೇಕಾದ ಸಾಮಗ್ರಿ ಆ ಕಥೆಯೊಳಗೇ ಇದೆ.

ಅನುಕರಣೆಯ ಆರೋಪವನ್ನು ಕೂಡ ಕಾಲದ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಮರಾಠಿಯ ಐತಿಹಾಸಿಕ ಕಾದಂಬರಿ ಇಂಗ್ಲಿಷಿನ ವಾಲ್ಟರ್ ಸ್ಕಾಟನಿಂದ ಕಲಿಯಿತು, ಬಂಗಾಳಿಯ ಬಂಕಿಮಚಂದ್ರರದೂ ಅದೇ ಶಾಲೆ. ಬಂಗಾಳಿಯಿಂದ ವೆಂಕಟಾಚಾರ್ಯರು, ಮರಾಠಿಯಿಂದ ಗಳಗನಾಥರು ತಂದದ್ದನ್ನು ಓದಿ ಬೆಳೆದ ಪೀಳಿಗೆ ಮುಂದೆ ಕನ್ನಡದಲ್ಲಿ ಸ್ವಂತ ಕಾದಂಬರಿಯನ್ನು ಕಟ್ಟಿತು. ಓದುವವರಿಲ್ಲದೆ ಬರೆಯುವವರು ಹುಟ್ಟುವುದಿಲ್ಲ. ಉತ್ತಮ ಕಾದಂಬರಿ ಬರುವ ಮೊದಲು, ಕಾದಂಬರಿ ಎಂದರೆ ಕಾಸು ಕೊಟ್ಟು ಕೊಳ್ಳಬೇಕಾದ ವಸ್ತು, ಹಗಲುಗೆಲಸ ಮುಗಿದ ಮೇಲೆ ದೀಪದ ಮುಂದೆ ಕುಳಿತು ಓದಬೇಕಾದ ವಸ್ತು ಎಂಬ ಭಾವನೆ ಜನರಲ್ಲಿ ಮೂಡಬೇಕು. ಉತ್ತರ ಕರ್ನಾಟಕದಲ್ಲಿ ಆ ಭಾವನೆಯನ್ನು ಮೂಡಿಸಿದವರಲ್ಲಿ ಗಳಗನಾಥರೇ ಮೊದಲಿಗರು.

ಜೀವನದ ಕೊನೆಯ ವರ್ಷಗಳು ಅವರಿಗೆ ಸುಖದವಾಗಿರಲಿಲ್ಲ. ಇಷ್ಟೊಂದು ಪುಸ್ತಕಗಳನ್ನು ಬರೆದರೂ ಹಣದ ಅಡಚಣೆ ಅವರ ಬೆನ್ನು ಬಿಡಲಿಲ್ಲ. ಅಷ್ಟರಲ್ಲಿ ಕನ್ನಡ ಸಾಹಿತ್ಯವೂ ಬೇರೆ ದಾರಿ ಹಿಡಿದಿತ್ತು. ನವೋದಯದ ಲೇಖಕರು ಹೊಸ ಗದ್ಯವನ್ನು, ಹೊಸ ವಸ್ತುವನ್ನು ತಂದಿದ್ದರು. ಹಳೆಯ ಧಾಟಿಯ ಮಾಸ್ತರರ ಕಾದಂಬರಿಗಳನ್ನು ಸಾಹಿತ್ಯದ ಚರ್ಚೆಯಲ್ಲಿ ಹೆಚ್ಚಾಗಿ ನೆನೆಯುವವರಿರಲಿಲ್ಲ, ಮನೆಗಳಲ್ಲಿ ಮಾತ್ರ ಓದುತ್ತಿದ್ದರು. 1942ರ ಏಪ್ರಿಲ್ 22ರಂದು ಗಳಗನಾಥರು ತೀರಿಕೊಂಡರು. ಆಗ ಹಾವೇರಿ ಮುಂಬಯಿ ಪ್ರಾಂತದಲ್ಲಿತ್ತು. ಸಾಸ್ತೂರ, ಉಮರ್ಗಾ, ಉದಗೀರಗಳು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು, ಅಲ್ಲಿಯ ಸರಕಾರಿ ಶಿಕ್ಷಣದ ಭಾಷೆ ಉರ್ದು. 1956ರಲ್ಲಿ ಹಾವೇರಿ ಕನ್ನಡ ರಾಜ್ಯವನ್ನು ಸೇರಿತು, ಮರಾಠವಾಡಾ ಮುಂಬಯಿ ರಾಜ್ಯವನ್ನು ಸೇರಿತು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. ಗಳಗನಾಥರು ಕಂಡಿದ್ದ ಪರಿಸ್ಥಿತಿ, ಮನೆಯ ಭಾಷೆ ಒಂದು, ಓದಿನ ಭಾಷೆ ಇನ್ನೊಂದು ಎಂಬುದು, ಅವರ ಜಿಲ್ಲೆಯಲ್ಲಿ ಮುಗಿಯಿತು. ಗಡಿಯ ಈ ಬದಿಯಲ್ಲಿ ಅದು ಮುಂದುವರಿಯಿತು.

ಆದ್ದರಿಂದ ಈ ಸೀಮೆಯ ವಿದ್ಯಾರ್ಥಿಗೆ ಗಳಗನಾಥರು ಪರೀಕ್ಷೆಯ ಒಂದು ಕಿರುಟಿಪ್ಪಣಿಯಾಗಿ ಉಳಿಯಬಾರದು. ನಾಳೆ ಶಿಕ್ಷಕರಾಗುವವರು ಅವರ ಕೆಲಸದಿಂದ ಮೂರು ಸಂಗತಿಗಳನ್ನು ತಿಳಿದುಕೊಳ್ಳಬಹುದು. ಮಗುವಿಗೆ ಕೊಡುವ ಕಾದಂಬರಿಯಲ್ಲಿ ಮುಂದೇನಾಯಿತು ಎಂಬ ಕುತೂಹಲ ಮೊದಲ ಪುಟದಿಂದಲೇ ಇರಬೇಕು. ನೀತಿ ಅದರ ಹಿಂದೆ ಬಂದರೆ ಸಾಕು. ಅದನ್ನು ಗಟ್ಟಿಯಾಗಿ ಓದಿದಾಗ ಮನೆಯವರಿಗೂ ತಿಳಿಯುವಂತಿರಬೇಕು, ಏಕೆಂದರೆ ಶಾಲೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಕನ್ನಡ ಓದಿನ ತರಗತಿ ಮನೆಯೇ. ಮತ್ತು ಮಗು ಮೊದಲೇ ಬಲ್ಲ ಮರಾಠಿಯನ್ನು ಅಡ್ಡಿಯೆಂದು ಭಾವಿಸದೆ ಮೆಟ್ಟಿಲನ್ನಾಗಿ ಬಳಸಬೇಕು.

ಈ ಮೂರನೆಯ ಸಂಗತಿಗೆ ಗಳಗನಾಥರ ಕೃತಿಗಳೇ ಒಳ್ಳೆಯ ಉದಾಹರಣೆ. ತಾನಾಜಿಯ ಕಥೆಯನ್ನು ಮರಾಠಿ ಪಾಠದಲ್ಲಿ ಕೇಳಿದ ಏಳನೆಯ ಇಯತ್ತೆಯ ಮಗುವಿಗೆ ಕಮಲಕುಮಾರಿಯ ಆಯ್ದ ಪ್ರಕರಣಗಳನ್ನು ಓದಿ ಹೇಳಿದರೆ, ಬಲ್ಲ ಕಥೆಯ ಬೆಂಬಲದಿಂದ ಹೊಸ ಶಬ್ದಗಳು ತಾವಾಗಿ ಅರ್ಥವಾಗುತ್ತವೆ. ಎಂಟನೆಯ ಇಯತ್ತೆಗೆ ಕನ್ನಡಿಗರ ಕರ್ಮಕಥೆ ಹೊಂದುತ್ತದೆ. ರಾಮರಾಜನ ಕಥೆ ಮುಗಿದ ಮೇಲೆ ಭೂಪಟದಲ್ಲಿ ಹಂಪೆ, ವಿಜಾಪುರ, ಬೀದರಗಳನ್ನು ಗುರುತಿಸಿದರೆ ಇತಿಹಾಸದ ಪಾಠವೂ ಅಲ್ಲಿಯೇ ಆದೀತು. ಮಾಧವ ಕರುಣಾ ವಿಲಾಸ ದೊಡ್ಡ ಗ್ರಂಥ. ಅದನ್ನು ದಿನಕ್ಕೊಂದು ಪ್ರಕರಣದಂತೆ ಹಿರಿಯರು ಓದಬೇಕು, ಕಿರಿಯರು ಕೇಳಬೇಕು. ಅಲ್ಲಿಂದ ಮುಂದೆ ಇಂದಿನ ಗದ್ಯಕ್ಕೆ ಬರಬಹುದು. ಊರು ಮುಳುಗಿದವರ ಬಾಳನ್ನು ಮಕ್ಕಳಿಗಾಗಿಯೇ ಬರೆದ ನಾ. ಡಿಸೋಜರ ಮುಳುಗಡೆಯ ಊರಿಗೆ ಬಂದವರು, ಸ್ವಲ್ಪ ದೊಡ್ಡವರಾದ ಮೇಲೆ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ, ಇವು ಮಕ್ಕಳನ್ನು ಬೇರೆ ಲೋಕಗಳಿಗೆ ಕರೆದೊಯ್ಯುತ್ತವೆ.

ಪುಸ್ತಕಗಳ ಹೆಸರು ಬರೆದು ಗೋಡೆಗೆ ಅಂಟಿಸಿದರೆ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಗಳಗನಾಥರು ತಮ್ಮ ಕಾಲದಲ್ಲಿಯೇ ಅರಿತಿದ್ದರು. ಮಹಾವಿದ್ಯಾಲಯದ ಗ್ರಂಥಾಲಯದಿಂದ ಅವರ ಒಂದು ಕಾದಂಬರಿಯನ್ನು ಪಡೆದು, ರಜೆಯಲ್ಲಿ ಊರಿಗೆ ಹೋದಾಗ ಮನೆಯ ಒಂದು ಮಗುವಿನ ಮುಂದೆ ಕುಳಿತು ಮೊದಲ ಪ್ರಕರಣವನ್ನು ಓದಿ ನಿಲ್ಲಿಸಬೇಕು. ಮುಂದಿನದು ಏನೆಂದು ಮಗು ಕೇಳಿದರೆ ಆ ಮಾಸ್ತರರ ಕೆಲಸ ಇಲ್ಲಿಯೂ ಆರಂಭವಾಯಿತೆಂದು ತಿಳಿಯಬಹುದು.